ತಟ್ಟೆಯಲ್ಲಿ ಅಡಗಿದ ನಾದ

ಹಳೆಯ ಮೈಸೂರು ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆ ಮನೆಯ ಹಿರಿಯರು ಪಿಟೀಲು ವಿದ್ವಾಂಸರು. ದೇಶವೆಲ್ಲ ಹೆಸರಾದವರಲ್ಲ, ರಾಮನವಮಿಯ ಚಪ್ಪರಗಳಲ್ಲಿ, ಮದುವೆಯ ಮನೆಗಳಲ್ಲಿ, ತ್ಯಾಗರಾಜರ ಆರಾಧನೆಯ ದಿನಗಳಲ್ಲಿ ನುಡಿಸಿ ಕೇಳುವವರನ್ನು ತಣಿಸಿದವರು. ಅವರ ಕಛೇರಿಗಳನ್ನು ಯಾವ ಧ್ವನಿಮುದ್ರಣ ಕಂಪನಿಯೂ ಮುದ್ರಿಸಲಿಲ್ಲ. ಶಿಷ್ಯರೊಬ್ಬರು ಗುರುಗಳ ಮೇಲಿನ ಅಭಿಮಾನದಿಂದ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ವಿದ್ವಾಂಸರು ತೀರಿಕೊಂಡ ಮೇಲೆ, ಸುಮಾರು 2003ರಲ್ಲಿ, ಆ ಕ್ಯಾಸೆಟ್ಟುಗಳಲ್ಲಿದ್ದುದನ್ನು ಹದಿನೇಳು ಸಿ.ಡಿ.ಗಳಿಗೆ ಇಳಿಸಿ ಮನೆಯವರಿಗೆ ಕೊಟ್ಟರು. ಅಂಗಡಿಯಿಂದ ಕೊಂಡು ತಂದ ಬೇರೆ ಸಿ.ಡಿ.ಗಳು ಮನೆಯಲ್ಲಿ ನೂರಾರಿದ್ದುವು. ಆದರೆ ಈ ಹದಿನೇಳು ಜಗತ್ತಿನಲ್ಲಿ ಬೇರೆಲ್ಲಿಯೂ ದೊರೆಯತಕ್ಕವಲ್ಲ.

ಒಂದು ದಿನ ಮನೆಯ ಪ್ಲೇಯರ್ ಕೆಟ್ಟಿತು. ತಟ್ಟೆಯನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಸುತ್ತುತ್ತದೆ, ಬಳಿಕ ತಟ್ಟೆಯೇ ಇಲ್ಲವೆಂದು ತೋರಿಸುತ್ತದೆ. ವಿದ್ವಾಂಸರ ಮೊಮ್ಮಗಳು ಹೊಸದೊಂದನ್ನು ಕೊಳ್ಳಲೆಂದು ಬೆಂಗಳೂರಿನ ಅಂಗಡಿಗೆ ಹೋದಳು. ಅಲ್ಲಿ ಎರಡು ಪ್ಲೇಯರುಗಳು ಅಕ್ಕಪಕ್ಕದಲ್ಲಿದ್ದುವು. ಒಂದು ಹಗುರ, ಸಾಧಾರಣ ರೂಪಿನದು. ಇನ್ನೊಂದರ ಮುಖಕ್ಕೆ ಬೆರಳು ದಪ್ಪದ ಅಲ್ಯೂಮಿನಿಯಂ ಫಲಕ. ಎತ್ತಲು ಎರಡು ಕೈ ಬೇಕು. ಬೆಲೆ ಮೊದಲನೆಯದರ ಹತ್ತು ಪಾಲು. “ಮೇಡಂ, ಅದು ಹದಿನಾರು ಬಿಟ್ಟಿನದು, ಇದು ಇಪ್ಪತ್ತನಾಲ್ಕರದು. ಇನ್ನು ನಾನು ಹೇಳಬೇಕೆ?” ಎಂದು ಅಂಗಡಿಯವರು ನಕ್ಕರು. ಆಕೆ ಆ ದಿನ ಏನನ್ನೂ ಕೊಳ್ಳದೆ ಹಿಂದಿರುಗಿದಳು. ಜಿಪುಣತನದಿಂದಲ್ಲ, ಆ ಎರಡು ಅಂಕಿಗಳ ಅರ್ಥ ತನಗೆ ತಿಳಿಯದೆಂಬುದು ಆಕೆಗೆ ಹೊಳೆದಿತ್ತು.

ಭಾರವಾದ ಯಂತ್ರವೇ ಉತ್ತಮ ಎಂಬ ಭಾವನೆ ಎಲ್ಲಿಂದ ಬಂದಿತೆಂಬುದನ್ನು ಮೊದಲು ನೋಡಬೇಕು. ಅದು ಗ್ರಾಮಫೋನಿನ ಕಾಲದಿಂದ ಬಂದ ಪಿತ್ರಾರ್ಜಿತ. ಗ್ರಾಮಫೋನ್ ತಟ್ಟೆಯಲ್ಲಿ ನಾದವು ಒಂದು ಅಂಕುಡೊಂಕಾದ ಗೀರಿನ ರೂಪದಲ್ಲಿರುತ್ತದೆ. ಮುಳ್ಳು ಆ ಗೀರಿನಲ್ಲಿ ಸಾಗುತ್ತ ಅದರ ಅಂಕುಡೊಂಕಿಗೆ ತಕ್ಕಂತೆ ಅಲುಗುತ್ತದೆ. ಆ ಅಲುಗಾಟವೇ ಧ್ವನಿಯಾಗುತ್ತದೆ. ಹೀಗಿರುವುದರಿಂದ ತಟ್ಟೆಯ ವೇಗ ಕಿಂಚಿತ್ ಏರಿಳಿದರೂ ಶ್ರುತಿ ಕದಲುತ್ತದೆ. ಮೋಟಾರಿನ ಗುರುಗುಟ್ಟುವಿಕೆ, ಧೂಳಿನ ಕಣ, ಪಕ್ಕದಲ್ಲಿ ನಡೆದವರ ಹೆಜ್ಜೆಯ ಅದುರು ಇವೆಲ್ಲವೂ ಸಂಗೀತದೊಡನೆ ಬೆರೆತು ಹೊರಬರುತ್ತವೆ. ಅಂತಹ ಯಂತ್ರಕ್ಕೆ ತೂಕ ಬೇಕು, ನುಣುಪಾದ ಧಾರಕಗಳು ಬೇಕು, ಕುಶಲ ಕೈಗೆಲಸ ಬೇಕು. ಅದಕ್ಕಾಗಿ ಹಣ ತೆತ್ತವನು ಮೋಸಹೋದನೆಂದು ಹೇಳುವಂತಿಲ್ಲ. ಸಿ.ಡಿ. ಬಂದಾಗ ತಟ್ಟೆ ಬದಲಾಯಿತು, ಕೊಳ್ಳುವವರ ನಂಬಿಕೆ ಬದಲಾಗಲಿಲ್ಲ.

ಕನ್ನಡ ಪತ್ರಿಕೆಗಳು ಧ್ವನಿಸಾಂದ್ರಿಕೆ ಎಂದು ಕರೆದ ಈ ತಟ್ಟೆಯ ಹುಟ್ಟಿನಲ್ಲಿ ಎರಡು ದೇಶಗಳ ಪಾಲಿದೆ. ಹಾಲೆಂಡಿನ ಐಂಡ್‌ಹೋವೆನ್ ನಗರದಲ್ಲಿ ಫಿಲಿಪ್ಸ್ ಸಂಸ್ಥೆ 1979ರ ಮಾರ್ಚ್ 8ರಂದು ತನ್ನ ಮಾದರಿ ಯಂತ್ರವನ್ನು ಪತ್ರಿಕೆಯವರ ಮುಂದೆ ಪ್ರದರ್ಶಿಸಿತು. ಜಪಾನಿನ ಸೋನಿ ಸಂಸ್ಥೆಯೂ ಅದೇ ಹಾದಿಯಲ್ಲಿತ್ತು. ಇಬ್ಬರೂ ಬೇರೆ ಬೇರೆ ತಟ್ಟೆಗಳನ್ನು ಮಾಡಿದರೆ ಕೊಳ್ಳುವವರು ಎರಡನ್ನೂ ದೂರವಿಡುವರೆಂಬುದು ಇಬ್ಬರಿಗೂ ತಿಳಿದಿತ್ತು. ಆದುದರಿಂದ ಎಂಜಿನಿಯರುಗಳು ಒಂದೆಡೆ ಕುಳಿತು 1980ರಲ್ಲಿ ಒಂದೇ ನಿಯಮಾವಳಿಯನ್ನು ಒಪ್ಪಿಕೊಂಡರು. ತಟ್ಟೆಯ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್ ಎಂದು ಗೊತ್ತಾಯಿತು. ಬೀಥೋವನ್ನನ ಒಂಬತ್ತನೆಯ ಸಿಂಫನಿ ಒಂದೇ ತಟ್ಟೆಯಲ್ಲಿ ಹಿಡಿಯಲೆಂದೇ ಈ ಅಳತೆಯನ್ನು ಆರಿಸಲಾಯಿತೆಂಬ ಕಥೆಯೊಂದು ಪ್ರಚಾರದಲ್ಲಿದೆ. ಆ ಮಾತುಕತೆಗಳಲ್ಲಿ ಭಾಗಿಯಾಗಿದ್ದ ಕೇಸ್ ಇಮ್ಮಿಂಕ್ ಅವರು ಮಾತ್ರ ವ್ಯಾಪಾರದ ಲೆಕ್ಕಾಚಾರಗಳೂ ಅದರಲ್ಲಿ ಸೇರಿದ್ದುವೆಂದು ಬರೆದಿದ್ದಾರೆ. ಕಥೆ ಸೊಗಸಾಗಿದೆಯೆಂಬುದನ್ನಂತೂ ಅಲ್ಲಗಳೆಯಲಾಗದು.

ಈ ತಟ್ಟೆಯಲ್ಲಿ ಗೀರಿಲ್ಲ, ಅಂಕಿಗಳಿವೆ. ಧ್ವನಿಯೆಂಬುದು ಗಾಳಿಯ ಒತ್ತಡದ ಏರಿಳಿತವಷ್ಟೆ. ಒಂದು ಸೆಕೆಂಡಿನಲ್ಲಿ 44,100 ಸಲ ಆ ಒತ್ತಡವನ್ನು ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ಸಾಲು. ಮನುಷ್ಯನ ಕಿವಿಗೆ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ ಕೇಳುತ್ತದೆ. ಅತಿ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಏನೂ ಬಿಡದಂತೆ ಮರಳಿ ಪಡೆಯಬಹುದೆಂಬುದು ಗಣಿತದಿಂದ ಸಿದ್ಧವಾದ ಮಾತು. ಹಾಗಾದರೆ ಸರಿಯಾಗಿ ನಲವತ್ತು ಸಾವಿರಕ್ಕಿಂತ ತುಸು ಹೆಚ್ಚೆಂದು ಇಡದೆ 44,100 ಎಂಬ ವಿಚಿತ್ರ ಸಂಖ್ಯೆಯನ್ನೇಕೆ ಆರಿಸಿದರು? ಆ ಕಾಲದಲ್ಲಿ ಇಷ್ಟೊಂದು ಅಂಕಿಗಳನ್ನು ತುಂಬಿಡಲು ವಿಡಿಯೊ ಟೇಪನ್ನು ಬಿಟ್ಟರೆ ಅನುಕೂಲವಾದ ಸಾಧನವಿರಲಿಲ್ಲ. ಚಿತ್ರದ ಒಂದು ಗೆರೆಯಲ್ಲಿ ಮೂರು ಅಳತೆಗಳು, 245 ಗೆರೆಗಳು, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿದರೆ 44,100 ಬರುತ್ತದೆ. ಇಂದಿಗೂ ಎಲ್ಲ ಸಿ.ಡಿ.ಗಳೂ ಅಂದಿನ ಟೇಪಿನ ಗುರುತನ್ನು ಹೊತ್ತಿವೆ.

ಪ್ರತಿ ಅಳತೆಯನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಹದಿನಾರು ಮನೆಗಳಲ್ಲಿ ಬರೆಯಲಾಗುತ್ತದೆ. ಒಂದೊಂದು ಮನೆಗೂ ಬಿಟ್ ಎಂದು ಹೆಸರು. ಹದಿನಾರು ಮನೆಗಳಲ್ಲಿ 65,536 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ಅಂದರೆ ಅತಿ ಮೆಲ್ಲನೆಯ ಧ್ವನಿಯಿಂದ ಅತಿ ಜೋರಿನ ಧ್ವನಿಯವರೆಗೆ ಅಷ್ಟು ಮೆಟ್ಟಿಲುಗಳಿವೆ. ಈ ಅಂಕಿಗಳನ್ನು ತಟ್ಟೆಯಲ್ಲಿ ಸಣ್ಣ ಸಣ್ಣ ಕುಳಿಗಳ ರೂಪದಲ್ಲಿ ಒತ್ತುತ್ತಾರೆ. ಕುಳಿಗಳ ಸಾಲು ತಟ್ಟೆಯ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಣ ದೂರ 1.6 ಮೈಕ್ರೊಮೀಟರ್, ಒಂದು ತಲೆಗೂದಲಿನ ಅಗಲದಲ್ಲಿ ಮೂವತ್ತಕ್ಕೂ ಮಿಕ್ಕಿದ ಸುತ್ತುಗಳು ಅಡಗುವುವು. ಈ ಸುರುಳಿಯನ್ನು ಬಿಡಿಸಿ ನೇರವಾಗಿ ಹಾಸಿದರೆ ಸುಮಾರು ಐದು ಕಿಲೋಮೀಟರ್ ಉದ್ದವಾದೀತು.

ಇದನ್ನು ಓದುವುದು ಒಂದು ಲೇಸರ್ ಕಿರಣ. ತಟ್ಟೆಯ ಕೆಳಗಿನಿಂದ ಕಿರಣ ಬೀಳುತ್ತದೆ. ಸಮತಟ್ಟಾದ ಭಾಗದಿಂದ ಅದು ಚೆನ್ನಾಗಿ ಹಿಂದಿರುಗುತ್ತದೆ; ಕುಳಿಯಿದ್ದಲ್ಲಿ ಮಂಕಾಗುತ್ತದೆ. ಈ ಬೆಳಕು ಮಂಕುಗಳ ಬದಲಾವಣೆಯನ್ನು ಬೆಳಕಿಗೆ ಸ್ಪಂದಿಸುವ ಒಂದು ಸಾಧನ ವಿದ್ಯುತ್ತಿನ ಸಂಜ್ಞೆಯಾಗಿ ಮಾಡುತ್ತದೆ. ಕಿರಣವನ್ನು ಕೇಂದ್ರೀಕರಿಸುವ ಪುಟ್ಟ ಮಸೂರ ಸ್ಪ್ರಿಂಗುಗಳ ಮೇಲೆ ತೇಲುತ್ತಿರುತ್ತದೆ. ತಟ್ಟೆ ಸ್ವಲ್ಪ ಸೊಟ್ಟಗಿದ್ದರೂ ಮಸೂರ ಅದರ ಜೊತೆಗೇ ಏರಿ ಇಳಿದು, ಎಡಕ್ಕೆ ಬಲಕ್ಕೆ ಸರಿದು, ಸಾಲನ್ನು ತಪ್ಪದೆ ಹಿಂಬಾಲಿಸುತ್ತದೆ. ತಟ್ಟೆಯಾದರೋ ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಒಳಗಿನ ಸುತ್ತುಗಳನ್ನು ಓದುವಾಗ ನಿಮಿಷಕ್ಕೆ ಸುಮಾರು 500 ಸಲ, ಅಂಚಿಗೆ ಬಂದಾಗ ಸುಮಾರು 200 ಸಲ ಸುತ್ತುತ್ತದೆ.

ಇಲ್ಲಿಯೇ ಗ್ರಾಮಫೋನಿಗೂ ಸಿ.ಡಿ.ಗೂ ಇರುವ ಮುಖ್ಯ ಭೇದವಿದೆ. ಓದಿದ ಅಂಕಿಗಳು ನೇರವಾಗಿ ಧ್ವನಿಯಾಗುವುದಿಲ್ಲ. ಅವು ಮೊದಲು ಒಂದು ಸಣ್ಣ ಉಗ್ರಾಣದಲ್ಲಿ ಶೇಖರವಾಗುತ್ತವೆ. ಅಲ್ಲಿಂದ ಅವನ್ನು ಹೊರಕ್ಕೆ ಬಿಡುವುದು ಕ್ವಾರ್ಟ್ಸ್ ಹರಳಿನ ಗಡಿಯಾರ. ಊರಿನ ನೀರಿನ ತೊಟ್ಟಿಗೆ ಪಂಪು ನೀರನ್ನು ಎಬ್ಬಿ ಎಬ್ಬಿ ತುಂಬಿದರೂ ತೊಟ್ಟಿಯ ಕೆಳಗಿನ ನಲ್ಲಿಯಲ್ಲಿ ಸಮನಾಗಿ ನೀರು ಬರುತ್ತದೆಯಲ್ಲವೆ? ಅದರಂತೆಯೇ ಇದು. ಮೋಟಾರು ತುಸು ತಡವರಿಸಿದರೂ ಶ್ರುತಿ ಕದಲುವುದಿಲ್ಲ. ಬೆರಳು ದಪ್ಪದ ಫಲಕವಿರುವ ಯಂತ್ರದಲ್ಲಿಯೂ ಹಗುರವಾದ ಯಂತ್ರದಲ್ಲಿಯೂ ನಲ್ಲಿಯಿಂದ ಬರುವ ನೀರು ಒಂದೇ.

ತಟ್ಟೆಯ ಮೇಲೆ ಗೆರೆ ಬಿದ್ದಿದ್ದರೆ? ಅದಕ್ಕೂ ಉಪಾಯವಿದೆ. ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಕಂಡುಹಿಡಿದ ಒಂದು ವಿಧಾನವನ್ನು ಸಿ.ಡಿ.ಯಲ್ಲಿ ಅಳವಡಿಸಲಾಗಿದೆ. ಅಂಕಿಗಳೊಡನೆ ಅವುಗಳ ತಾಳೆ ನೋಡುವ ಹೆಚ್ಚಿನ ಅಂಕಿಗಳನ್ನೂ ಬರೆದು, ಎಲ್ಲವನ್ನೂ ಕಲೆಸಿ ದೂರ ದೂರಕ್ಕೆ ಹಂಚಿಡುತ್ತಾರೆ. ಒಂದು ಕಡೆ ಗೆರೆ ಬಿದ್ದು ಸಾಲು ಪೂರ್ತಿ ಅಳಿದರೂ, ಕಲೆಸಿದ್ದನ್ನು ಮರಳಿ ಜೋಡಿಸಿದಾಗ ಆ ನಷ್ಟ ಇಲ್ಲೊಂದು ಅಲ್ಲೊಂದು ಅಂಕಿಯಾಗಿ ಚದರಿಹೋಗಿರುತ್ತದೆ. ಉಳಿದ ಅಂಕಿಗಳ ಲೆಕ್ಕದಿಂದ ಅದನ್ನು ಹುಡುಕಿ ತುಂಬಬಹುದು. ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಅಳಿದರೂ ಮೂಲ ಅಂಕಿಗಳು ಹಾಗೆಯೇ ದೊರೆಯುತ್ತವೆ. ಇದು ಅಂದಾಜಲ್ಲ, ಗಣಿತ. ಅದಕ್ಕಿಂತ ಹೆಚ್ಚು ಹಾಳಾದರೆ ಮಾತ್ರ ಪ್ಲೇಯರ್ ಅಕ್ಕಪಕ್ಕದ ಅಂಕಿಗಳನ್ನು ನೋಡಿ ನಡುವಿನದನ್ನು ಊಹಿಸುತ್ತದೆ. ಅದೂ ಸಾಧ್ಯವಾಗದಿದ್ದರೆ ಮೌನವಾಗುತ್ತದೆ, ಇಲ್ಲವೆ ಮುಂದಕ್ಕೆ ಹಾರುತ್ತದೆ. ಅಡ್ಡಗೆರೆಗಿಂತ ಸಾಲಿನ ದಿಕ್ಕಿನಲ್ಲಿಯೇ ದುಂಡಗೆ ಬಿದ್ದ ಗೆರೆ ಹೆಚ್ಚು ಕೇಡು ಮಾಡುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಟ್ಟೆಯನ್ನು ಒರೆಸುವಾಗ ಬಟ್ಟೆಯನ್ನು ಸುತ್ತಲೂ ತಿರುಗಿಸದೆ ನಡುವಿನಿಂದ ಅಂಚಿಗೆ ಎಳೆಯಬೇಕೆಂದು ಹೇಳುವುದು ಇದೇ ಕಾರಣದಿಂದ.

ಇನ್ನು ಅಂಗಡಿಯವರ ಅಂಕಿಗಳಿಗೆ ಬರಬಹುದು. ಬಿಟ್ಟುಗಳ ಜಗಳ ಹೊಸದಲ್ಲ, ಮೊದಲ ದಿನದಷ್ಟೇ ಹಳೆಯದು. ಫಿಲಿಪ್ಸ್‌ನವರು ಮೊದಲಿಗೆ ಹದಿನಾಲ್ಕು ಬಿಟ್ ಸಾಕೆಂದಿದ್ದರು; ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಹದಿನಾಲ್ಕು ಬಿಟ್ಟಿನ ಬಿಲ್ಲೆಯನ್ನೂ ಸಿದ್ಧಪಡಿಸಿಕೊಂಡಿದ್ದರು. ಸೋನಿಯವರು ಹದಿನಾರಕ್ಕೆ ಪಟ್ಟು ಹಿಡಿದರು. ತಟ್ಟೆಯಲ್ಲಿ ಹದಿನಾರು ಬಿಟ್ ಇರತಕ್ಕದ್ದೆಂದೇ ಕೊನೆಗೆ ತೀರ್ಮಾನವಾಯಿತು. ಆಗ ಫಿಲಿಪ್ಸ್‌ನ ಎಂಜಿನಿಯರುಗಳ ಕೈಯಲ್ಲಿದ್ದುದು ಹದಿನಾರು ಬಿಟ್ಟಿನ ತಟ್ಟೆ, ಹದಿನಾಲ್ಕು ಬಿಟ್ಟಿನ ಬಿಲ್ಲೆ.

ಸೋನಿಯ ಮೊದಲ ಪ್ಲೇಯರ್ ಸಿ.ಡಿ.ಪಿ. 101 ಜಪಾನಿನಲ್ಲಿ 1982ರ ಅಕ್ಟೋಬರ್ 1ರಂದು ಮಾರಾಟಕ್ಕೆ ಬಂದಿತು. ಬೆಲೆ 1,68,000 ಯೆನ್. ಅದರಲ್ಲಿದ್ದುದು ಹದಿನಾರು ಬಿಟ್ಟಿನ ಬಿಲ್ಲೆ. ಆದರೆ ಒಂದೇ ಬಿಲ್ಲೆ. ಅದು ಎಡದ ಅಂಕಿಯನ್ನೊಮ್ಮೆ ಬಲದ ಅಂಕಿಯನ್ನೊಮ್ಮೆ ಸರದಿಯಂತೆ ಮಾರ್ಪಡಿಸುತ್ತಿತ್ತು. ಇದರಿಂದ ಒಂದು ಕಡೆಯ ಧ್ವನಿ ಇನ್ನೊಂದಕ್ಕಿಂತ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹಿಂದೆ ಬೀಳುತ್ತಿತ್ತು. ಒಂದು ಸ್ಪೀಕರನ್ನು ನಾಲ್ಕು ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಆಗುವ ವ್ಯತ್ಯಾಸ ಅಷ್ಟು. ಕುರ್ಚಿಯಲ್ಲಿ ಕುಳಿತವರು ಕತ್ತು ತಿರುಗಿಸಿದರೆ ಇದಕ್ಕಿಂತ ಹೆಚ್ಚಿನ ಅಂತರವಾಗುತ್ತದೆ.

ಫಿಲಿಪ್ಸ್‌ನವರ ಸಿ.ಡಿ. 100 ಎಂಬ, ಮೇಲಿನಿಂದ ಮುಚ್ಚಳ ತೆರೆಯುವ ಪುಟ್ಟ ಪ್ಲೇಯರಿನಲ್ಲಿದ್ದ ಉಪಾಯ ಮೆಚ್ಚತಕ್ಕದ್ದು. ಅವರು ತಟ್ಟೆಯಿಂದ ಬಂದ ಅಂಕಿಗಳ ನಡುವೆ ಲೆಕ್ಕ ಹಾಕಿದ ಅಂಕಿಗಳನ್ನು ಸೇರಿಸಿ, ಸೆಕೆಂಡಿಗೆ 44,100ರ ಬದಲು ಅದರ ನಾಲ್ಕರಷ್ಟು, ಅಂದರೆ 1,76,400 ಅಂಕಿಗಳನ್ನು ಬಿಲ್ಲೆಗೆ ಕೊಟ್ಟರು. ಹದಿನಾಲ್ಕು ಬಿಟ್ಟಿನ ಬಿಲ್ಲೆಗೆ ಪೂರ್ಣ ಮೆಟ್ಟಿಲುಗಳು ಗೊತ್ತು, ಕಾಲು ಮೆಟ್ಟಿಲುಗಳು ಗೊತ್ತಿಲ್ಲ. ನಾಲ್ಕೂಕಾಲು ಬೇಕೆಂದರೆ ಅದು ನಾಲ್ಕನ್ನೋ ಐದನ್ನೋ ಕೊಡಬಲ್ಲದು, ಅಷ್ಟೆ. ಊರಿನ ಅಂಗಡಿಯಲ್ಲಿ ಚಿಲ್ಲರೆಯಿಲ್ಲದಾಗ ಏನು ಮಾಡುತ್ತಾರೆ? ಬಾಕಿಯನ್ನು ಮುಂದಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಇಲ್ಲಿಯೂ ಹಾಗೆಯೇ. ಮೊದಲ ಸಲ ನಾಲ್ಕು ಕೊಟ್ಟು ಕಾಲನ್ನು ಬಾಕಿ ಉಳಿಸಿಕೊಂಡಿತು. ಎರಡನೆಯ ಸಲವೂ ನಾಲ್ಕು; ಬಾಕಿ ಅರ್ಧ. ಮೂರನೆಯ ಸಲವೂ ನಾಲ್ಕು, ಬಾಕಿ ಮುಕ್ಕಾಲು. ನಾಲ್ಕನೆಯ ಸಲ ನಾಲ್ಕೂಕಾಲಕ್ಕೆ ಮುಕ್ಕಾಲು ಸೇರಿ ಐದಾಯಿತು. ಐದನ್ನೇ ಕೊಟ್ಟು ಲೆಕ್ಕ ಚುಕ್ತಾ ಮಾಡಿತು. ನಾಲ್ಕು ಸಲ ಕೊಟ್ಟುದರ ಸರಾಸರಿ ನಾಲ್ಕೂಕಾಲು. ಇಷ್ಟು ಶೀಘ್ರವಾಗಿ ನಡೆಯುವ ಈ ಕೊಡುಕೊಳ್ಳುವಿಕೆಯನ್ನು ಕಿವಿ ಬಿಡಿ ಬಿಡಿಯಾಗಿ ಗುರುತಿಸಲಾರದು. ಅದಕ್ಕೆ ಸರಾಸರಿಯೇ ಕೇಳಿಸುತ್ತದೆ. ಹೀಗೆ ಹದಿನಾಲ್ಕು ಬಿಟ್ಟಿನ ಬಿಲ್ಲೆಯಿಂದ ಹದಿನಾರು ಬಿಟ್ಟಿಗೆ ಸಾಟಿಯಾದ ಧ್ವನಿ ಹೊರಟಿತು. ಅಷ್ಟೇ ಅಲ್ಲ, ಬಿಲ್ಲೆಯ ಬಳಿಕ ಬೇಡದ ಕಂಪನಗಳನ್ನು ಸೋಸಿ ತೆಗೆಯುವ ಕೆಲಸವೂ ಸುಲಭವಾಯಿತು. ಮುಂದೆ ಸೋನಿಯೂ ಸೇರಿದಂತೆ ಹೆಚ್ಚುಕಡಮೆ ಎಲ್ಲ ತಯಾರಕರೂ ಹೆಚ್ಚು ಸಲ ಅಂಕಿ ಕೊಡುವ ಈ ದಾರಿಯನ್ನೇ ಹಿಡಿದರು.

ಆದರೂ ಅಂಗಡಿಗಳಲ್ಲಿ “ಅದು ಹದಿನಾಲ್ಕು, ಇದು ಹದಿನಾರು” ಎಂಬ ಮಾತು ನಡೆಯಿತು. ಮುಂದೆ ಹದಿನೆಂಟು ಬಂದಿತು, ಇಪ್ಪತ್ತು ಬಂದಿತು. ಇದೇ ಉಪಾಯವನ್ನು ಇನ್ನಷ್ಟು ಬೆಳೆಸಿ ಒಂದೇ ಬಿಟ್ಟಿನ ಬಿಲ್ಲೆಯನ್ನು ಅತಿ ವೇಗದಲ್ಲಿ ನಡೆಸುವ ವಿಧಾನ 1980ರ ದಶಕದ ಕೊನೆಗೆ ಬಳಕೆಗೆ ಬಂದಾಗ, ನಿನ್ನೆಯವರೆಗೆ ಹೆಚ್ಚು ಬಿಟ್ಟೇ ಶ್ರೇಷ್ಠವೆಂದಿದ್ದ ಜಾಹೀರಾತುಗಳು ಒಂದೇ ಬಿಟ್ ಶ್ರೇಷ್ಠವೆಂದು ಸಾರತೊಡಗಿದುವು! ಸಂಖ್ಯೆ ಸುಳ್ಳಾಗಿರಲಿಲ್ಲ; ಅದರಿಂದ ಕೊಳ್ಳುವವನು ಮಾಡಿಕೊಂಡ ಊಹೆ ಸುಳ್ಳಾಗಿತ್ತು. ಬೆಂಗಳೂರಿನ ಅಂಗಡಿಯವರು ಹೇಳಿದ ಇಪ್ಪತ್ತನಾಲ್ಕು ಕೂಡ ಬಿಲ್ಲೆಯ ಶಕ್ತಿಯನ್ನು ಹೇಳುತ್ತದೆಯೇ ಹೊರತು ತಟ್ಟೆಯಲ್ಲಿ ಇರುವುದನ್ನಲ್ಲ. ಸಿ.ಡಿ.ಯಲ್ಲಿ ಇರುವುದು ಹದಿನಾರೇ. ಒಂದು ಸೇರು ಹಾಲನ್ನು ಎರಡು ಸೇರಿನ ಪಾತ್ರೆಗೆ ಸುರಿದರೆ ಹಾಲು ಹೆಚ್ಚುವುದಿಲ್ಲ.

ಹೆಚ್ಚು ಬಿಟ್ ತುಂಬಿದ ತಟ್ಟೆಗಳೂ ಇಲ್ಲದಿಲ್ಲ. 1999ರಲ್ಲಿ ಬಂದ ಸೂಪರ್ ಆಡಿಯೊ ಸಿ.ಡಿ. ಅಂತಹದು. ಅದರಿಂದ ಕಿವಿಗೆ ಎಷ್ಟು ಲಾಭವೆಂಬುದನ್ನು ಅಮೆರಿಕದ ಬಾಸ್ಟನ್ ನಗರದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬುವರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಉತ್ತಮ ತಟ್ಟೆಯ ಧ್ವನಿಯನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ಸಾಮಾನ್ಯ ಸಿ.ಡಿ.ಯ ಹದಿನಾರು ಬಿಟ್ಟಿಗೆ ಇಳಿಸಿ ಕೇಳಿಸಿದರು. ಯಾವುದು ಯಾವುದೆಂದು ಕೇಳುವವರಿಗೆ ತಿಳಿಸಲಿಲ್ಲ. 554 ಸಲ ನಡೆದ ಪರೀಕ್ಷೆಯಲ್ಲಿ ಉತ್ತರ ಸರಿಯಾದುದು 276 ಸಲ; ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಆದರೆ ಅವರು ಇನ್ನೊಂದನ್ನೂ ಗಮನಿಸಿದರು. ಆ ಹೊಸ ತಟ್ಟೆಗಳಲ್ಲಿ ಎಷ್ಟೋ ಕೇಳಲು ಬಹಳ ಚೆನ್ನಾಗಿದ್ದುವು. ಅದಕ್ಕೆ ಕಾರಣ ಬಿಟ್ಟುಗಳಲ್ಲ, ಅವನ್ನು ಸಿದ್ಧಪಡಿಸುವಾಗ ವಹಿಸಿದ ಎಚ್ಚರ. ಲಂಡನ್ನಿನ ಜೋಶುವಾ ರೀಸ್ ಅವರು 2016ರಲ್ಲಿ ಇಂತಹ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಸರಿಯುತ್ತರಗಳು ಶೇಕಡ 52ಕ್ಕೆ ತುಸು ಮೇಲಿವೆಯೆಂದು ತೋರಿಸಿದರು. ವ್ಯತ್ಯಾಸ ಇದ್ದರೂ ಅದು ಎಷ್ಟು ಕಿರಿದೆಂಬುದಕ್ಕೆ ಇದೇ ಅಳತೆ.

ಹಾಗಾದರೆ ಅಂಗಡಿಯಲ್ಲಿ ಎರಡು ಪ್ಲೇಯರುಗಳನ್ನು ಕೇಳಿದವರಿಗೆ ದುಬಾರಿಯದೇ ಚೆನ್ನಾಗಿ ಕೇಳಿಸುವುದೇಕೆ? ಅವರು ಸುಳ್ಳು ಹೇಳುತ್ತಿಲ್ಲ. ಬೆಲೆಯ ಚೀಟಿ ಕಣ್ಣಿಗೆ ಬಿದ್ದ ಮೇಲೆ ಕಿವಿ ಸ್ವತಂತ್ರವಾಗಿ ಉಳಿಯುವುದು ಕಷ್ಟ. ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ಒಂದು ಪ್ಲೇಯರ್ ಹೊರಗೆ ಕೊಡುವ ವಿದ್ಯುತ್ತು ಸಾಮಾನ್ಯವಾಗಿ ಎರಡು ವೋಲ್ಟ್. ಕೆಲವು ಅದಕ್ಕಿಂತ ತುಸು ಹೆಚ್ಚು ಕೊಡುತ್ತವೆ. ಆ ಹೆಚ್ಚಳ ಅತ್ಯಲ್ಪವಾದಾಗ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ, ‘ಸ್ಪಷ್ಟ’ ಎಂದೋ ‘ತುಂಬಿದ ನಾದ’ ಎಂದೋ ಗುರುತಿಸುತ್ತದೆ. ಎರಡರ ಧ್ವನಿಮಟ್ಟವನ್ನು ಮಾಪಕದಿಂದ ಸಮಮಾಡದೆ ಹೋಲಿಸುವುದು, ಕಲ್ಲು ಕಟ್ಟಿದ ತಕ್ಕಡಿಯಲ್ಲಿ ತೂಗಿದಂತೆ.

ಮನೆಯಲ್ಲಿ ನಾದದ ಗುಣವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಸ್ಪೀಕರುಗಳು ಮತ್ತು ಕೋಣೆ. ಬರಿಯ ಗೋಡೆ, ಹೊಳಪಿನ ನೆಲ, ಗಾಜಿನ ಕಿಟಕಿಗಳ ಕೋಣೆಯಲ್ಲಿ ಯಾವ ಪ್ಲೇಯರನ್ನಿಟ್ಟರೂ ಮೃದಂಗದ ಏಟುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಒಂದು ಜಮಖಾನ, ಪುಸ್ತಕದ ಕಪಾಟು, ದಪ್ಪ ಪರದೆ ಇವುಗಳಿಂದ ಆಗುವ ಸುಧಾರಣೆಯನ್ನು ಚಿಕ್ಕ ಮಕ್ಕಳೂ ಗುರುತಿಸಬಲ್ಲರು. ಹಣ ಮಿತವಾಗಿದ್ದರೆ ಅದರ ದೊಡ್ಡ ಪಾಲು ಸ್ಪೀಕರಿಗೆ ಸಲ್ಲಬೇಕಾದುದು ಇದಕ್ಕಾಗಿ.

ಇಷ್ಟಾದ ಮೇಲೆ ಎಲ್ಲ ಪ್ಲೇಯರುಗಳೂ ಸಮಾನವೆಂದು ತಿಳಿದರೆ ಅದೂ ತಪ್ಪೇ. ಅವುಗಳ ತಾರತಮ್ಯ ಇರುವುದು ಬೇರೆಡೆ: ಓದುವ ಶಕ್ತಿಯಲ್ಲಿ ಮತ್ತು ಬಾಳಿಕೆಯಲ್ಲಿ. ಲೇಸರ್ ವರ್ಷಗಳು ಕಳೆದಂತೆ ಮಂಕಾಗುತ್ತದೆ. ಮಸೂರದ ಮೇಲೆ ಧೂಳು ಕೂರುತ್ತದೆ. ಅದು ಜಾರುವ ಕಂಬಿಯ ಗ್ರೀಸು ಒಣಗುತ್ತದೆ. ತಟ್ಟೆಯ ತಟ್ಟನ್ನು ಹೊರಕ್ಕೆ ನೂಕುವ ಸಣ್ಣ ರಬ್ಬರ್ ಪಟ್ಟಿ ಗಟ್ಟಿಯಾಗಿ ಜಾರತೊಡಗುತ್ತದೆ. ಪ್ಲೇಯರ್ ಸತ್ತಿತೆಂದು ಗುಜರಿಗೆ ಹಾಕಿದುದರಲ್ಲಿ ಎಷ್ಟೋ ಯಂತ್ರಗಳು ಈ ಪಟ್ಟಿಯೊಂದರ ದೋಷದಿಂದ ಹೋದವು. ಆದುದರಿಂದ ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಎಷ್ಟು ಬಿಟ್ಟೆಂಬುದಲ್ಲ. ಲೇಸರಿನ ಭಾಗ ಬಿಡಿಯಾಗಿ ದೊರೆಯುತ್ತದೆಯೆ, ಅದನ್ನು ಬದಲಿಸುವವರು ಹತ್ತಿರದಲ್ಲಿದ್ದಾರೆಯೆ ಎಂಬುದು. ಹಳೆಯ ಪ್ಲೇಯರನ್ನು ಅಗ್ಗವಾಗಿ ಕೊಳ್ಳುವವರಿಗಂತೂ ಇದೊಂದೇ ಪ್ರಶ್ನೆ. ಅಂಕಿಗಳನ್ನು ಹಾಗೆಯೇ ಹೊರಗೆ ಕೊಡುವ ಕಿಂಡಿ ಇದ್ದರೆ ಇನ್ನೂ ಒಳಿತು. ಒಳಗಿನ ಬಿಲ್ಲೆ ಕೆಟ್ಟರೂ ಹೊರಗೆ ಬೇರೊಂದನ್ನು ಜೋಡಿಸಿ ಯಂತ್ರವನ್ನು ಉಳಿಸಿಕೊಳ್ಳಬಹುದು.

ಮನೆಯಲ್ಲಿ ಬರೆದ ತಟ್ಟೆಗಳ ಸಂಗತಿ ಬೇರೆ. ಕಾರ್ಖಾನೆಯ ತಟ್ಟೆಯಲ್ಲಿ ಕುಳಿಗಳನ್ನು ಅಚ್ಚಿನಿಂದ ಒತ್ತಿರುತ್ತಾರೆ. ಮನೆಯಲ್ಲಿ ಬರೆಯುವ ತಟ್ಟೆಯಲ್ಲಿ ಕುಳಿಗಳೇ ಇಲ್ಲ. ಬಣ್ಣದ ಒಂದು ಪದರವನ್ನು ಲೇಸರಿನ ಶಾಖದಿಂದ ಅಲ್ಲಲ್ಲಿ ಸುಟ್ಟು ಕಲೆಗಳನ್ನು ಮಾಡಿರುತ್ತಾರೆ. ಅದು ಬೆಳಕನ್ನು ತುಸು ಕಡಿಮೆ ಹಿಂದಿರುಗಿಸುತ್ತದೆ. ಅಳಿಸಿ ಮತ್ತೆ ಬರೆಯಬಹುದಾದ ತಟ್ಟೆಯಾದರೆ ಇನ್ನೂ ಬಹಳ ಕಡಿಮೆ. ಹಳೆಯ ಪ್ಲೇಯರುಗಳು ಅದನ್ನು ಓದಲಾರವು. ಬಣ್ಣದ ಪದರಕ್ಕೆ ಬಿಸಿಲು, ಸೆಕೆ ಆಗದು; ವರ್ಷಗಳುರುಳಿದಂತೆ ಅದು ಮಾಸುತ್ತದೆ. ಮಂಕಾದ ಲೇಸರ್, ಮಾಸಿದ ಬಣ್ಣ ಇವೆರಡೂ ಒಂದೆಡೆ ಸೇರಿದರೆ ತಟ್ಟೆ ಮೂಕವಾಗುತ್ತದೆ. ಪಿಟೀಲು ವಿದ್ವಾಂಸರ ಮನೆಯಲ್ಲಿ ಆದುದು ಇದೇ.

ಎರಡನೆಯ ಸಲ ಅಂಗಡಿಗೆ ಹೋದಾಗ ಮೊಮ್ಮಗಳ ಚೀಲದಲ್ಲಿ ಮೂರು ತಟ್ಟೆಗಳಿದ್ದುವು. ಒಂದು, ಮನೆಯಲ್ಲೆಲ್ಲ ಅತಿ ಹೆಚ್ಚು ಗೆರೆ ಬಿದ್ದುದು. ಎರಡನೆಯದು, ತಾತನವರ ಹದಿನೇಳರಲ್ಲಿ ಒಂದು. ಮೂರನೆಯದು ಒಂದು ವೀಣೆಯ ತಟ್ಟೆ; ಆಲಾಪನೆ ಮುಗಿದ ಮೇಲೆ ತಂಬೂರಿಯ ನಾದ ಮಾತ್ರ ಉಳಿದು ಮೆಲ್ಲಮೆಲ್ಲನೆ ಮೌನಕ್ಕೆ ಸೇರುವ ಭಾಗವೊಂದು ಅದರಲ್ಲಿತ್ತು. ಯಂತ್ರದಲ್ಲಿ ಗುಂಯ್‌ಗುಡುವ ದೋಷವಿದ್ದರೆ ಅಲ್ಲಿ ಬಯಲಾಗಬೇಕು. ಅಂಗಡಿಯವರು ಪ್ರತಿ ತಟ್ಟೆಯ ಮೊದಲ ಹಾಡನ್ನು ಹಾಕಲು ಹೋದರು. ಆಕೆ ಕೊನೆಯ ಹಾಡನ್ನೇ ಹಾಕಿರೆಂದಳು. ಸಿ.ಡಿ. ಒಳಗಿನಿಂದ ಹೊರಕ್ಕೆ ಓದಲ್ಪಡುವುದರಿಂದ ಕೊನೆಯ ಹಾಡು ಅಂಚಿನಲ್ಲಿರುತ್ತದೆ. ಬೆರಳು ತಾಗುವುದು, ತಟ್ಟೆ ಸೊಟ್ಟಗಾಗುವುದು, ಬಣ್ಣ ಮಾಸುವುದು ಹೆಚ್ಚಾಗಿ ಅಲ್ಲಿಯೇ. ದುಬಾರಿ ಪ್ಲೇಯರ್ ಗೆರೆ ಬಿದ್ದ ತಟ್ಟೆಯನ್ನು ಸಲೀಸಾಗಿ ಓದಿತು. ತಾತನವರ ತಟ್ಟೆಯಲ್ಲಿ ಎರಡು ಕಡೆ ತಡವರಿಸಿತು. ಹಗುರವಾದುದು ಮೂರನ್ನೂ ಓದಿತು. ಅದರ ತಟ್ಟು ಮಾತ್ರ ಹೊರಬರುವಾಗ ಕಟಕಟ ಎನ್ನುತ್ತಿತ್ತು. ತಂಬೂರಿ ಎರಡರಲ್ಲಿಯೂ ಒಂದೇ ರೀತಿ ಮೌನವಾಯಿತು. “ಇದಕ್ಕೆ ಲೇಸರ್ ಬೇರೆ ಸಿಗುತ್ತದೆಯೇನು?” ಎಂದು ಆಕೆ ಕೇಳಿದಳು. ಅಂಗಡಿಯವರು ಒಳಗೆ ಹೋಗಿ ದೂರವಾಣಿಯಲ್ಲಿ ವಿಚಾರಿಸಿ ಬಂದು, ಹಗುರವಾದುದಕ್ಕೆ ಸಿಗುತ್ತದೆಂದರು. ಆಕೆ ಅದನ್ನೇ ಕೊಂಡಳು. ಉಳಿದ ಹಣವನ್ನು ಸ್ಪೀಕರುಗಳಿಗೆಂದು ಎತ್ತಿಟ್ಟಳು.

ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಸಂಗೀತ ಕೇಳುವುದಾಗಿರಲಿಲ್ಲ. ಹದಿನೇಳು ತಟ್ಟೆಗಳಲ್ಲಿದ್ದುದನ್ನೂ ಒಂದೊಂದಾಗಿ ಗಣಕಯಂತ್ರಕ್ಕೆ ಇಳಿಸಿ, ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಚಿಕ್ಕಪ್ಪನವರ ಮನೆಗೆ ಕಳುಹಿಸಲಾಯಿತು. ಹದಿನಾರು ತಟ್ಟೆಗಳಲ್ಲಿದ್ದುದು ಪೂರ್ತಿಯಾಗಿ ಬಂದಿತು. ಹದಿನೇಳನೆಯದು ಕಿಟಕಿಯ ಬಳಿಯ ಗೂಡಿನಲ್ಲಿ ಬಹುಕಾಲ ಬಿಸಿಲಿಗೆ ಬಿದ್ದಿತ್ತು. ಅದರ ಕೊನೆಯ ಹನ್ನೊಂದು ನಿಮಿಷಗಳನ್ನು ಹೊಸ ಪ್ಲೇಯರೂ ಓದಲಿಲ್ಲ, ಗಣಕಯಂತ್ರವೂ ಓದಲಿಲ್ಲ. ತನಿ ಆವರ್ತನದ ನಡುವೆ ನಾದ ನಿಂತುಹೋಗಿತ್ತು. ಆ ರಾತ್ರಿ ಮೊಮ್ಮಗಳು ಶಿಷ್ಯರ ಮನೆಗೆ ಕಾಗದ ಬರೆದಳು. ಆ ಕಛೇರಿಯ ಕ್ಯಾಸೆಟ್ಟು ಅವರ ಅಟ್ಟದ ಮೇಲೆ ಇನ್ನೂ ಇದ್ದೀತೆಂಬ ಆಸೆ ಆಕೆಗಿತ್ತು.